ಅಳಿವೆಯ ಕಾವಲಿನ ವರ್ಷಗಳು

ನಾನು ಹುಟ್ಟಿ ಬೆಳೆದದ್ದು ತಿಕೋಟಾದಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳ ನಡುವೆ. ನಮ್ಮ ಕಡೆ ನೀರು ಅಂದರೆ ಬೋರ್‌ವೆಲ್ಲಿನಿಂದ ಬಂದು ಕಪ್ಪು ಪೈಪಿನ ತೂತುಗಳಿಂದ ಹನಿಹನಿಯಾಗಿ ಬೀಳುವಂಥದ್ದು. ಅದು ದಿನಕ್ಕೆ ಎರಡು ಸಲ ತಾನಾಗಿಯೇ ಹಿತ್ತಲ ತನಕ ಬಂದು ತಾನಾಗಿಯೇ ಹೊರಟುಹೋಗುವ ಊರಿನಲ್ಲಿ ಹನ್ನೊಂದು ವರ್ಷ ಸಂಸಾರ ಮಾಡುತ್ತೇನೆಂದು ಮದುವೆಗೆ ಮೊದಲು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಗಂಡ ಅರಣ್ಯ ಇಲಾಖೆಯ ಗಾರ್ಡ್. ಬಬಲೇಶ್ವರದಿಂದ ಆಚೆಗಿನ ಒಂದು ಹಳ್ಳಿಯ, ಕುರಿ ಸಾಕುವ ಮನೆತನದವರು. ಅವರು ಚಿಕ್ಕವರಿದ್ದಾಗ, ಇಲಾಖೆ ಹೊಸದಾಗಿ ಗಿಡ ನೆಟ್ಟ ಜಾಗದಲ್ಲಿ ಮಾವನವರ ಕುರಿಗಳು ನುಗ್ಗಿದವೆಂದು ಗಾರ್ಡ್ ಒಬ್ಬ ಹಿಂಡನ್ನೆಲ್ಲ ಹಿಡಿದು ದೊಡ್ಡಿಗೆ ಕೂಡಿದ್ದನಂತೆ. ಅಂಥ ಮನೆಯ ಮಗನಿಗೆ ಅದೇ ಕೆಲಸ ಸಿಕ್ಕಾಗ ಮಾವನವರು ಖಾಕಿ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡಿ, "ನನ್ನ ಕುರಿ ಹಿಡದಾಂವನ ಅಂಗಿನ ಹಾಕ್ಕೊಂಡು ಬಂದೀಯಲ್ಲೋ" ಅಂದಿದ್ದರು.

"ಯಪ್ಪಾ, ನಾ ಯಾರ ಕುರಿನೂ ಹಿಡಿಯಾಂಗಿಲ್ಲ ಬಿಡು" ಎಂದು ಇವರು ನಕ್ಕಿದ್ದರು.

ಮೊದಲ ನೇಮಕ ಕರಾವಳಿಗೆ ಆಯಿತು. ಒಂದು ನದಿ ಸಮುದ್ರ ಸೇರುವ ಜಾಗ. ಅಲ್ಲಿಯವರು ಅದನ್ನು ಅಳಿವೆ ಅನ್ನುತ್ತಾರೆ. ಸಿಹಿನೀರು ಉಪ್ಪುನೀರು ಕೂಡುವಲ್ಲಿ ಕಿಲೋಮೀಟರುಗಟ್ಟಲೆ ಕೆಸರಿನ ಬಯಲು, ಅದರ ಅಂಚಿಗೆ ಬೇರುಗಳನ್ನು ಮೇಲೆತ್ತಿಕೊಂಡು ನಿಂತ ಕಾಂಡ್ಲಾ ಗಿಡಗಳು. ಇವರ ಕೆಲಸ ಆ ಗಿಡಗಳನ್ನು ಕಾಯುವುದು, ಕಡಿದಲ್ಲಿ ಮತ್ತೆ ನೆಡಿಸುವುದು. ನೀರಿಗೆ ತಾಗಿಕೊಂಡೇ ಎರಡು ಕೋಣೆಯ ಕ್ವಾರ್ಟರ್ಸು.

ನಾನು ಹೋದ ಮರುದಿನ ಮಧ್ಯಾಹ್ನ ಇವರು ಡ್ಯೂಟಿಗೆ ಹೋಗಿದ್ದರು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ತಲೆಯೆತ್ತಿ ನೋಡಿದರೆ ಬೆಳಿಗ್ಗೆ ಬರೀ ಕೆಸರಿದ್ದ ಕಡೆಯೆಲ್ಲ ನೀರು, ಅದೂ ಮೆಲ್ಲಗೆ ನನ್ನ ಕಡೆಗೇ ಬರುತ್ತಿದೆ. ಪಾತ್ರೆಗಳನ್ನು ಅಲ್ಲಿಯೇ ಬಿಟ್ಟು ಚೀರಿಕೊಂಡು ರಸ್ತೆಗೆ ಓಡಿದೆ. ಪಕ್ಕದ ಮನೆಯಿಂದ ಒಬ್ಬ ಮುದುಕಿ ಹೊರಬಂದಳು. ತೆಳ್ಳಗೆ, ಕಪ್ಪಗೆ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದವಳು.

"ಎಂತಾ ಆಯ್ತು ಮಗಾ?"

"ನೀರು ಬರಾಕತ್ತೈತ್ರಿ! ಮನಿಯೊಳಗ ಬರ್ತೈತಿ!"

ಅವಳಿಗೆ ನನ್ನ ಮಾತು ಅರ್ಧ ತಿಳಿಯಿತು, ಅರ್ಧ ಇಲ್ಲ. ಹಿತ್ತಲಿಗೆ ಬಂದು ನೋಡಿದಳು. ತೇಲಿಹೋಗುತ್ತಿದ್ದ ನನ್ನ ಹಿಟ್ಟಿನ ಬೋಗುಣಿಯನ್ನು ಹಿಡಿದು ತಂದುಕೊಟ್ಟು, "ಅದು ಬಂದ ಹಾಂಗೇ ಹೋಗ್ತದೆ. ಭರತ ಅಂದ್ರೆ ಅದು. ಸಂಜಿಗೆ ನೋಡು, ಇರೂದಿಲ್ಲ" ಅಂದಳು. ನಾನು ನಂಬಲಿಲ್ಲ. ಅವಳು ಸಂಜೆಯವರೆಗೂ ನನ್ನ ಜೊತೆ ಜಗಲಿಯ ಮೇಲೆ ಕುಳಿತು, ನೀರು ಇಳಿದದ್ದನ್ನು ತೋರಿಸಿಯೇ ಎದ್ದುಹೋದಳು.

ಆ ಅಜ್ಜಿ ಬಳಚು ಹೆಕ್ಕುವವಳು. ಬಳಚು ಅಂದರೆ ಅಳಿವೆಯ ಕೆಸರಿನಲ್ಲಿ ಹುದುಗಿಕೊಂಡಿರುವ ಚಿಪ್ಪಿನ ಜೀವಿ. ಇಳಿತದ ಹೊತ್ತಿಗೆ ಊರಿನ ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿದು ಅದನ್ನು ಹೆಕ್ಕಿ, ಪೇಟೆಯಲ್ಲಿ ಮಾರಿ ಮನೆ ನಡೆಸುತ್ತಿದ್ದರು. ಉಳಿದವರು ಕೈಯಿಂದ ಕೆಸರು ಕೆದಕಿದರೆ ಅಜ್ಜಿ ಕಾಲ್ಬೆರಳಿನಿಂದ ಹುಡುಕುತ್ತಿದ್ದಳು. ಸೊಂಟದವರೆಗಿನ ನೀರಿನಲ್ಲಿ ನಿಂತು, ಎಲ್ಲೋ ನೋಡುತ್ತ, ಯಾರ ಜೊತೆಗೋ ಮಾತಾಡುತ್ತ, ಇದ್ದಕ್ಕಿದ್ದಂತೆ ಬಗ್ಗಿ ಒಂದು ಹಿಡಿ ಎತ್ತುತ್ತಿದ್ದಳು. ಚಿಕ್ಕವನ್ನು ಅಲ್ಲಿಯೇ ವಾಪಸು ಬಿಡುತ್ತಿದ್ದಳು. ಗಂಡ ತೀರಿಹೋಗಿದ್ದ. ಮಗ ದೊಡ್ಡ ಬೋಟುಗಳಲ್ಲಿ ತಿಂಗಳುಗಟ್ಟಲೆ ಕಡಲಿನ ಮೇಲಿರುತ್ತಿದ್ದ. ಮನೆಯಲ್ಲಿ ಅಜ್ಜಿ ಮತ್ತು ಸೊಸೆ.

ಅವಳು ನನಗೆ ಬಳಚಿನ ಸಾರು ಮಾಡುವುದನ್ನು ಕಲಿಸಿದಳು. ನಾನು ಅವಳಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಲು ಹೋಗಿ ಸೋತೆ. ಅವಳ ಕೈಯಲ್ಲಿ ರೊಟ್ಟಿ ಮೂರು ತುಂಡಾಗುತ್ತಿತ್ತು. "ನಿಮ್ಮ ಊರಿನ ಹಿಟ್ಟಿಗೆ ಸಿಟ್ಟು ಜಾಸ್ತಿ" ಅನ್ನುತ್ತಿದ್ದಳು. ತವರಿನಲ್ಲಿ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ನಾನು ಮರಳಿದ ದಿನದಿಂದ ಕೂಸಿಗೆ ನೀರು ಹಾಕಿದವಳು ಅವಳೇ. ಮಗಳು ಮೊದಲು ಕಲಿತ ಮಾತು ಆ ಊರಿನದು. ತಿಕೋಟಾಕ್ಕೆ ಬಂದಾಗ ಅವಳು "ಎಂತಕ್ಕೆ?" ಎಂದು ಕೇಳಿದರೆ ನನ್ನ ತಾಯಿಗೆ ನಕ್ಕು ಸಾಕಾಗುತ್ತಿತ್ತು.

ಯಂತ್ರದ ದೋಣಿಗಳು ಬರಲು ಶುರುವಾದದ್ದು ಮಗಳಿಗೆ ನಾಲ್ಕು ವರ್ಷವಿದ್ದಾಗ. ಅಳಿವೆಯ ತಳದಲ್ಲಿ ಎಷ್ಟೋ ಕಾಲದ ಸತ್ತ ಚಿಪ್ಪುಗಳು ಪದರ ಪದರವಾಗಿ ಕೂತಿರುತ್ತವೆ. ಅವುಗಳಿಗೆ ಸುಣ್ಣ, ಸಿಮೆಂಟಿನ ಕಾರ್ಖಾನೆಗಳಲ್ಲಿ ಬೇಡಿಕೆ. ಹೊರಗಿನವರು ದೊಡ್ಡ ಪಂಪು ಕಟ್ಟಿದ ದೋಣಿಗಳನ್ನು ತಂದು ಕೆಸರಿನ ಸಮೇತ ಚಿಪ್ಪನ್ನು ಹೀರತೊಡಗಿದರು. ಹೀರಿದಲ್ಲಿ ನೀರಿನಡಿಗೆ ಬಾವಿಯಂಥ ಹೊಂಡಗಳು ಬೀಳುತ್ತಿದ್ದವು. ಎದ್ದ ರಾಡಿ ಸುತ್ತಲಿನ ಬಳಚಿನ ಮೇಲೆ ಕೂತು ಅವು ಉಸಿರುಗಟ್ಟಿ ಸಾಯುತ್ತಿದ್ದವು. ಚಳಿಗಾಲಕ್ಕೆ ಎಲ್ಲಿಂದಲೋ ಬರುತ್ತಿದ್ದ ಉದ್ದ ಕೊಕ್ಕಿನ ಹಕ್ಕಿಗಳು ಆ ವರ್ಷ ಬಂದು ಸ್ವಲ್ಪ ದಿನ ಇದ್ದು ಹೊರಟುಹೋದವು. ಕೆಸರಿನಲ್ಲಿ ಅವಕ್ಕೂ ತಿನ್ನಲು ಏನೂ ಇರಲಿಲ್ಲ.

ಇವರ ಬಳಿ ಇದ್ದದ್ದು ಒಂದು ಹಳೆಯ ಹುಟ್ಟಿನ ದೋಣಿ, ಒಂದು ಸೀಟಿ. ಯಂತ್ರದವರು ಇವರು ಹೋಗುವಷ್ಟರಲ್ಲಿ ಜಾಗ ಬದಲಿಸುತ್ತಿದ್ದರು. ಆಗ ಅಜ್ಜಿ ಇವರಿಗೆ ಕಣ್ಣಾದಳು. ಯಾವ ದೋಣಿ ಎಲ್ಲಿ ನಿಂತಿದೆ, ಯಾವ ಭರತಕ್ಕೆ ಬರುತ್ತದೆ ಎಂದು ನೀರಿನಿಂದಲೇ ಕೂಗಿ ಹೇಳುತ್ತಿದ್ದಳು. ಒಮ್ಮೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಯಂತ್ರದ ದೋಣಿಯ ಹಗ್ಗ ಹಿಡಿದು, ಇವರು ಬರುವ ತನಕ ಬಿಡಲಿಲ್ಲ. ಅಷ್ಟೆಲ್ಲ ಮಾಡಿದರೂ ಅವರು ದಂಡ ಕಟ್ಟಿ ವಾರದೊಳಗೆ ಮತ್ತೆ ಬರುತ್ತಿದ್ದರು. ಅಳಿವೆಯನ್ನು ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದರೆ ಮಾತ್ರ ಇದು ನಿಲ್ಲುತ್ತದೆ ಎಂದು ಮೇಲಿನ ಸಾಹೇಬರು ಹೇಳಿದರು. ಊರಿನವರೇ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ ಎಂದೂ ಹೇಳಿದರು.

ಆ ಅರ್ಜಿಯನ್ನು ಬರೆದವಳು ನಾನು.

ನನ್ನದು ಪಿಯುಸಿ ಆಗಿತ್ತು, ಅಕ್ಷರ ಚೆನ್ನಾಗಿತ್ತು. ನಮ್ಮ ಜಗಲಿಯ ಮೇಲೆ ಹೆಂಗಸರೆಲ್ಲ ಕೂತಿದ್ದರು. ಹಕ್ಕಿ, ಮೀನು, ಕಾಂಡ್ಲಾ, ಬಳಚು ಎಲ್ಲವನ್ನೂ ಬರೆದೆ. ಕೊನೆಗೆ ಏನಾದರೂ ಗಟ್ಟಿಯಾಗಿ ಹೇಳಬೇಕೆಂದು, "ಇನ್ನು ಮುಂದೆ ಯಾರೂ ಈ ಅಳಿವೆಯೊಳಗೆ ಇಳಿದು ಏನನ್ನೂ ತೆಗೆಯದಂತೆ ನೋಡಿಕೊಳ್ಳಬೇಕೆಂದು ವಿನಂತಿ" ಎಂದು ಬರೆದು ಎಲ್ಲರಿಗೂ ಓದಿ ಹೇಳಿದೆ. ಓದಲು ಕೇಳಲು ಅದು ಬಹಳ ಚಂದ ಅನ್ನಿಸಿತು.

ಅಜ್ಜಿ ಒಬ್ಬಳೇ ಕೇಳಿದಳು. "ಯಾರೂ ಅಂದ್ರೆ ಯಾರು ಮಗಾ?"

"ಯಂತ್ರದವರು ಅಜ್ಜಿ, ಮತ್ಯಾರು?" ಅಂದೆ.

ಅವಳು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಎಲ್ಲರಿಗಿಂತ ಮೊದಲು ಒತ್ತಿದಳು.

ಘೋಷಣೆ ಬರಲು ಮೂರು ವರ್ಷ ಹಿಡಿಯಿತು. ಬಂದ ದಿನ ಇವರು ಪೇಟೆಯಿಂದ ಜಿಲೇಬಿ ತಂದರು. ಅಜ್ಜಿಗೆ ಹಲ್ಲಿರಲಿಲ್ಲ. ಚಹಾದಲ್ಲಿ ಅದ್ದಿಕೊಂಡು ತಿಂದಳು. ತಿಂಗಳೊಳಗೆ ಯಂತ್ರದ ದೋಣಿಗಳು ಕಾಣದಾದವು. ಆ ಚಳಿಗಾಲಕ್ಕೆ ಹಕ್ಕಿಗಳು ಬಂದು ಉಳಿದವು. ನನ್ನ ಗಂಡನನ್ನು ನಾನು ಅಷ್ಟು ಹಗುರವಾಗಿ ಇನ್ಯಾವತ್ತೂ ನೋಡಿಲ್ಲ. ಡ್ಯೂಟಿ ಮುಗಿದ ಮೇಲೂ ಮಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹಕ್ಕಿ ತೋರಿಸಲು ಹೋಗುತ್ತಿದ್ದರು.

ಆಮೇಲೆ ಗಡಿಯ ಕಂಬಗಳು ಬಂದವು. ಅವುಗಳ ಹಿಂದೆಯೇ ಬೋರ್ಡು ಬಂತು. ಪ್ರವೇಶವಿಲ್ಲ, ಮೀನು ಹಿಡಿಯುವಂತಿಲ್ಲ, ಚಿಪ್ಪು ಬಳಚು ಯಾವುದನ್ನೂ ತೆಗೆಯುವಂತಿಲ್ಲ. ಬೋರ್ಡು ನೆಟ್ಟವರು ನನ್ನ ಗಂಡನೇ. ಮೊದಮೊದಲು ಹೆಂಗಸರು ಎಂದಿನಂತೆ ಇಳಿಯುತ್ತಿದ್ದರು, ಇವರು ಬೇರೆ ಕಡೆ ನೋಡುತ್ತಿದ್ದರು. ಒಂದು ದಿನ ತಪಾಸಣೆಗೆ ಬಂದ ಸಾಹೇಬರು ನೀರಿನಲ್ಲಿದ್ದ ಹೆಂಗಸರನ್ನು ಕಂಡು, ಇವರಿಗೆ ಲಿಖಿತ ಆದೇಶ ಕೊಟ್ಟು ಹೋದರು. ಯಾರೇ ಇಳಿದರೂ ಬುಟ್ಟಿ ವಶಪಡಿಸಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಇವರು ದಂಡೆಯ ಮೇಲೆ ಹೋಗಿ ನಿಂತರು. ನಾನು ಹಿತ್ತಲಿನಿಂದ ನೋಡುತ್ತಿದ್ದೆ. ಎಲ್ಲರ ಮುಂದೆ ಅಜ್ಜಿಯೇ ಬರುತ್ತಿದ್ದಳು.

"ಅಜ್ಜಿ, ಇಳೀಬ್ಯಾಡ್ರಿ. ಆರ್ಡರ್ ಬಂದೈತ್ರಿ."

"ಎಂತಾ ಆರ್ಡರು?"

"ಬಳಚು ತೆಗಿಯೋ ಹಂಗಿಲ್ರಿ. ಯಾರೂ ತೆಗಿಯೋ ಹಂಗಿಲ್ಲ."

ಅಜ್ಜಿ ನಕ್ಕಳು. ಇವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ನೀರಿಗೆ ಕಾಲಿಟ್ಟಳು. ಇವರು ಮುಂದೆ ಹೋಗಿ ಅವಳ ಬುಟ್ಟಿ ಹಿಡಿದರು. ಅವಳು ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ನಿಂತಿದ್ದರು. ನಂತರ ಅವಳೇ ಕೈಬಿಟ್ಟಳು. ವಾಪಸು ಬರುತ್ತ ನಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತು ನನ್ನನ್ನು ನೋಡಿದಳು.

"ಯಾರೂ ಅಂದ್ರೆ ನಾನೇಯಾ ಮಗಾ?"

ಆ ಸಂಜೆ ಬುಟ್ಟಿಯನ್ನು ವಾಪಸು ಕೊಡಲು ಹೋದೆ. ಬಾಗಿಲು ತೆರೆದ ಸೊಸೆ ಅದನ್ನು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಮಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳು ಎಂದಿನಂತೆ ಅಜ್ಜಿಯ ಮನೆಗೆ ಓಡಿಹೋಗಿ ಬರುತ್ತಿದ್ದಳು, ಅಜ್ಜಿ ಎಂದಿನಂತೆ ಅವಳ ತಲೆ ಬಾಚಿ ಕಳಿಸುತ್ತಿದ್ದಳು. ನನ್ನ ಜೊತೆ ಮಾತ್ರ ಮಾತು ನಿಂತಿತು.

ಗಡಿಯ ಹೊರಗೆ ಉಳಿದದ್ದು ನದಿಯ ಬಾಯಿಯ ಹತ್ತಿರದ ಒಂದಷ್ಟು ಜಾಗ. ಯಂತ್ರದವರು ಅತಿ ಹೆಚ್ಚು ಹೀರಿದ್ದು ಅಲ್ಲಿಯೇ. ಕಾಯುವಂಥದ್ದು ಅಲ್ಲಿ ಏನೂ ಉಳಿದಿಲ್ಲವೆಂದು ಅದನ್ನು ಬಿಟ್ಟಿದ್ದರು. ಹೆಂಗಸರು ಆ ಕಡೆ ಹೋಗತೊಡಗಿದರು. ಹೊಂಡಗಳ ನಡುವೆ ಅಲ್ಲಲ್ಲಿ ಬಳಚು ಉಳಿದಿತ್ತು. ಇವರು ದಂಡೆಯಿಂದ ಕೂಗಿ ಹೇಳುತ್ತಿದ್ದರು, "ಕೈ ಕೈ ಹಿಡ್ಕೊಂಡು ಹೋಗ್ರಿ, ಅಲ್ಲಿ ತಳ ಇಲ್ರಿ!" ಅಲ್ಲಿ ನಿಲ್ಲಿಸುವ ಅಧಿಕಾರ ಇವರಿಗಿರಲಿಲ್ಲ.

ಮಳೆಗಾಲ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ಒಳಗೆ ಬಂದಿದ್ದೆ. ಅಜ್ಜಿಯ ಸೊಸೆ ಒದ್ದೆ ಸೀರೆಯಲ್ಲಿ ಓಡುತ್ತ ಬಂದಳು. ಅಷ್ಟು ತಿಂಗಳು ನನ್ನ ಮುಖ ನೋಡದಿದ್ದವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಗಾರ್ಡರೆಲ್ಲಿ? ಅತ್ತೆ ಹೋದ್ಳು, ಹೊಂಡಕ್ಕೆ ಹೋದ್ಳು!"

ಇವರು ದೋಣಿ ಬಿಚ್ಚಿಕೊಂಡು ಹೋದರು. ಹೆಂಗಸರು ಹೇಳಿದ್ದು ಇಷ್ಟು. ಅಜ್ಜಿ ಎಲ್ಲರಿಗಿಂತ ಎರಡು ಹೆಜ್ಜೆ ಮುಂದಿದ್ದಳು. ಕಾಲಿನಿಂದ ಹುಡುಕುತ್ತಿದ್ದವಳು ಸಟ್ಟನೆ ಇಳಿದುಹೋದಳು. ಕೂಗಲೂ ಇಲ್ಲ. ಇಳಿತದ ನೀರು ಆಗ ಕಡಲಿನ ಕಡೆಗೆ ಜೋರಾಗಿ ಎಳೆಯುತ್ತಿತ್ತು.

ನಮ್ಮ ಕಡೆಯವರಿಗೆ ಈಜು ಬರುವುದು ಕಡಿಮೆ. ಇವರು ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು, ಅದೂ ಅಜ್ಜಿಯ ಮಗ ಕಲಿಸಿದ್ದು. ಮೀನುಗಾರರು ಬರುವ ತನಕ ಇವರೊಬ್ಬರೇ ಮುಳುಗಿ ಮುಳುಗಿ ಎದ್ದರಂತೆ. ಮಧ್ಯಾಹ್ನದ ಭರತ ಅವಳನ್ನು ವಾಪಸು ತಂದಿತು. ಇವರೇ ನೆಟ್ಟ ಕಾಂಡ್ಲಾ ಗಿಡಗಳ ಬೇರಿನಲ್ಲಿ ಸೀರೆ ಸಿಕ್ಕಿಕೊಂಡಿತ್ತು. ಇವರು ಅವಳನ್ನು ಎತ್ತಿಕೊಂಡು ದಂಡೆಗೆ ಬಂದಾಗ ನಾನು ನೋಡಿದೆ. ಇವರ ಖಾಕಿ ಅಂಗಿಯ ತುಂಬ ಕೆಸರು. ಅವಳು ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು.

ಅಜ್ಜಿಯ ಮನೆಯ ಅಂಗಳದಲ್ಲಿ ಇವರನ್ನು ಯಾರೂ ತಡೆಯಲಿಲ್ಲ. ನಾನು ಹಿಂದೆ ಹೋದಾಗ ಸೊಸೆ ಎದ್ದು ಬಂದು ಮೆಟ್ಟಿಲಿನ ಹತ್ತಿರ ನಿಂತಳು. ದನಿ ಏರಿಸಲಿಲ್ಲ.

"ಬರೆದದ್ದು ನೀವೇ ಅಲ್ದಾ?" ಅಂದಳು.

ಹೌದು ಅಂದೆ. ಮನೆಗೆ ಬಂದೆ. ಮಗಳು ಶಾಲೆಯಿಂದ ಬರುವುದಕ್ಕೆ ಮುಂಚೆ ಏನು ಹೇಳಬೇಕೆಂದು ಯೋಚಿಸುತ್ತ ಜಗಲಿಯ ಮೇಲೆ ಕೂತೆ. ಅವಳು ಬಂದಾಗ ಪಕ್ಕದ ಮನೆಯ ಮುಂದೆ ಸೇರಿದ್ದ ಜನರನ್ನು ನೋಡಿ ತಾನೇ ತಿಳಿದುಕೊಂಡಳು.

ಹದಿನೈದು ದಿನ ಕಳೆದ ಮೇಲೆ ಇವರು ಹಾಳೆ ತಂದು ನನ್ನ ಮುಂದಿಟ್ಟರು. "ಒಂದು ಅರ್ಜಿ ಬರೀಬೇಕು. ಕೈಲೆ ಹೆಕ್ಕೋರಿಂದ ಅಳಿವೆ ಹಾಳಾಗಿಲ್ಲ, ಅವರಿಗೆ ಬಿಡ್ರಿ ಅಂತ."

"ನನ್ನ ಕಡೆ ಬರಸ್ಬ್ಯಾಡ್ರಿ" ಅಂದೆ. ಹಾಳೆಯನ್ನು ಅವರ ಕಡೆಗೇ ಸರಿಸಿದೆ.

ಅವರೇ ತಮ್ಮ ವಕ್ರ ಅಕ್ಷರದಲ್ಲಿ ಎರಡು ಪುಟ ಬರೆದರು. ಅಜ್ಜಿ ಚಿಕ್ಕ ಬಳಚುಗಳನ್ನು ವಾಪಸು ಬಿಡುತ್ತಿದ್ದಳು ಎಂಬುದನ್ನೂ ಬರೆದಿದ್ದರು. ಇಲಾಖೆಯ ಆದೇಶದ ವಿರುದ್ಧ ಇಲಾಖೆಯ ನೌಕರನೇ ಬರೆದದ್ದೇಕೆಂದು ಉತ್ತರ ಕೇಳಿ ನೋಟಿಸು ಬಂತು. ಅದಕ್ಕೂ ಉತ್ತರ ಬರೆದರು. ಮುಂದಿನ ಬೇಸಿಗೆಗೆ ವರ್ಗಾವಣೆ ಆಯಿತು, ವಿಜಯಪುರಕ್ಕೆ.

ಎಲ್ಲರೂ ಅದನ್ನು ಅದೃಷ್ಟ ಅಂದರು. ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಪಕ್ಕದ ಮನೆಯಾಕೆ ಮೊದಲ ದಿನವೇ ಬಂದು, "ಪುಣ್ಯಾ ಮಾಡೀರಿ ನೋಡ್ರಿ ನೀವು, ಸ್ವಂತ ಜಿಲ್ಲಾಕ ಬಂದ್ರಿ" ಅಂದಳು. ಇವರಿಗೆ ನರ್ಸರಿಯ ಕೆಲಸ. ಬೇವು, ಹೊಂಗೆಯ ಸಸಿಗಳಿಗೆ ನೀರು ಬಿಡಿಸುವುದು, ಲಾರಿಗೆ ಹೇರಿಸುವುದು. ಕೆಲಸ ಬಿಟ್ಟು ಬಂದು ಊಟ ಮಾಡಿ ಗೋಡೆಗೆ ಒರಗಿ ಕೂರುತ್ತಿದ್ದರು. ಟಿವಿ ಹಚ್ಚಿದರೆ ನೋಡುತ್ತಿದ್ದರು, ಆರಿಸಿದರೂ ಅದೇ ಕಡೆ ನೋಡುತ್ತಿದ್ದರು. ಮಗಳನ್ನು ಇಲ್ಲಿಯ ಶಾಲೆಯಲ್ಲಿ ಹುಡುಗಿಯರು ಆಡಿಕೊಂಡರು. ದೀಪಾವಳಿಯ ಹೊತ್ತಿಗೆ ಅವಳು "ಎಂತಕ್ಕೆ" ಬಿಟ್ಟು "ಯಾಕ" ಅನ್ನತೊಡಗಿದಳು. ಅದನ್ನು ಮೊದಲ ಸಲ ಕೇಳಿದಾಗ ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ಒಂದು ಭಾನುವಾರ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಜೀಪು ಹಿಡಿದು ಮಾವನವರನ್ನು ನೋಡಲು ಹೋದೆವು. ಅವರ ಬಳಿ ಆಗ ಹತ್ತು ಹನ್ನೆರಡು ಕುರಿ ಮಾತ್ರ ಇದ್ದವು. ಊಟದ ಮೇಲೆ ಬೇವಿನ ಮರದ ಕೆಳಗೆ ಕೂತಾಗ, ಯಾರೂ ಕೇಳದಿದ್ದರೂ, ಇವರು ತಂದೆಗೆ ಎಲ್ಲವನ್ನೂ ಹೇಳಿದರು. ಬುಟ್ಟಿ ಹಿಡಿದು ಎಳೆದದ್ದನ್ನೂ ಹೇಳಿದರು.

ಮಾವನವರು ಅಂದರು, "ಒಂದು ಮಾತು ನಿನಗ ಹೇಳೇ ಇಲ್ಲ. ಆವತ್ತ ನನ್ನ ಕುರಿ ಹಿಡದಾಂವ ಇದ್ನಲ್ಲ, ಅಂವಾ ಮರುದಿನ ಒಂದು ಹೊರಿ ಹುಲ್ಲು ಹೊತ್ಕೊಂಡು ಬಂದು ದೊಡ್ಡ್ಯಾಗ ಹಾಕಿದ್ದ. ನಾ ನೋಡೇನಿ. ಅಂವಂದೂ ನೌಕರಿ."

"ಹುಲ್ಲು ಹಾಕಿದ್ರ ಕುರಿ ಉಳಿತಾವ ಯಪ್ಪಾ" ಅಂದರು ಇವರು. "ನನಗ ಏನ್ ಹಾಕಾಕೂ ಉಳೀಲಿಲ್ಲ."

ಮಾವನವರು ಮಗನ ಬೆನ್ನಿನ ಮೇಲೆ ಕೈಯಿಟ್ಟರು. ನನ್ನ ಗಂಡ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವು ಬಂದ ನಾಲ್ಕನೆಯ ವರ್ಷ ನನ್ನ ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಸ್ಟೇಷನ್ ರಸ್ತೆಯಲ್ಲಿ ಮಗಳಿಗೆ ಶೂ ಕೊಡಿಸುತ್ತಿದ್ದೆ. ಗದ್ದಲದಲ್ಲಿ ಮೊದಲು ತಿಳಿಯಲಿಲ್ಲ. ಅಜ್ಜಿಯ ಸೊಸೆ.

"ನಮಗೆ ಬಿಟ್ರು" ಅಂದಳು. "ಊರಿನ ಹೆಂಗಸ್ರಿಗೆ ಕಾರ್ಡು ಕೊಟ್ಟಾರೆ. ಕೈಯಲ್ಲಿ ಹೆಕ್ಕಬಹುದು. ಮೊಟ್ಟೆಯಿಡುವ ತಿಂಗಳು ಬಿಟ್ಟು. ಯಂತ್ರ ಬರೂ ಹಾಂಗಿಲ್ಲ. ಮೀಟಿಂಗಿನಲ್ಲಿ ಗಾರ್ಡರ ಕಾಗದ ಓದಿದ್ರು. ಅವ್ರಿಗೆ ಹೇಳಿ."

ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. "ನನ್ನಿಂದ ತಪ್ಪಾಯಿತು" ಎಂದು ಏನೇನೋ ಹೇಳಲು ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು. ತಪ್ಪಿಲ್ಲ ಅನ್ನಲಿಲ್ಲ. "ಒಂದ್ಸಲ ಬನ್ನಿ, ಮಗಳನ್ನು ಕರ್ಕೊಂಡು" ಅಂದಳು.

ಇವರಿಗೆ ಹೇಳಿದೆ. ನರ್ಸರಿಯ ಪೈಪು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಛಲೋ ಆತು" ಅಂದರು. ಪೈಪಿನ ನೀರು ಒಂದೇ ಸಸಿಯ ಬುಡಕ್ಕೆ ಬಿದ್ದು ಮಣ್ಣೆಲ್ಲ ಕೊಚ್ಚಿಹೋಗುತ್ತಿತ್ತು. ನಾನೇ ನಲ್ಲಿ ಬಂದ್ ಮಾಡಿದೆ.

ಹೋಗಬೇಕೆಂದು ಎರಡು ಸಲ ರಜೆ ಹಾಕಿದರು, ಎರಡೂ ಸಲ ರದ್ದು ಮಾಡಿದರು. ಕಳೆದ ದಸರಾ ರಜೆಯಲ್ಲಿ ಮೂವರಿಗೂ ಟಿಕೆಟ್ ಮಾಡಿಸಿದೆವು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಮೇಲಿಟ್ಟು, ನಮ್ಮನ್ನು ಕೂರಿಸಿ, ಕೆಳಗಿಳಿದು ಕಿಟಕಿಯ ಹತ್ತಿರ ಬಂದರು. "ನೀವು ಹೋಗಿ ಬರ್ರಿ. ನನಗ ಆಗಾಂಗಿಲ್ಲ." ಮಗಳು ಇಳಿಯಲು ಎದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ.

ಅಲ್ಲಿ ಎರಡು ದಿನವಿದ್ದೆವು. ಅಳಿವೆ ಚೆನ್ನಾಗಿದೆ. ಕಾಂಡ್ಲಾ ಆಳೆತ್ತರ ಬೆಳೆದಿದೆ. ಮಗಳು ಅತ್ತಿ ಎಂದು ಕರೆಯುವ ಸೊಸೆಯ ಕೂದಲು ಹಣ್ಣಾಗಿದೆ. ಅವಳು ನನಗೆ ಊಟಕ್ಕೆ ಬಡಿಸಿದಳು, ಮಲಗಲು ಚಾಪೆ ಹಾಸಿದಳು. ಅಜ್ಜಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಳಿತದಲ್ಲಿ ಅವಳು ಮಗಳನ್ನು ನೀರಿಗಿಳಿಸಿಕೊಂಡು ಹೋದಳು. ನಾನು ದಂಡೆಯ ಮೇಲೆ ಕೂತಿದ್ದೆ. ಮಗಳ ಬಾಯಿಗೆ ಆ ಊರಿನ ಮಾತು ಅರ್ಧ ದಿನದಲ್ಲೇ ವಾಪಸು ಬಂದಿತ್ತು. ಅವಳ ಮಾತಿನ ಸದ್ದು ನೀರಿನ ಮೇಲೆ ದೂರದಿಂದ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ವಿಜಯಪುರಕ್ಕೆ ಮರಳಿದಾಗ ಇವರು ಅನ್ನ ಸಾರು ಮಾಡಿಟ್ಟು ಬಾಗಿಲಲ್ಲೇ ನಿಂತಿದ್ದರು. ಮಗಳು ಹಕ್ಕಿಗಳ ಬಗ್ಗೆ ಹೇಳಿದಳು, ಕಾಂಡ್ಲಾದ ಬಗ್ಗೆ ಹೇಳಿದಳು, ನೀರಿಗಿಳಿದದ್ದನ್ನೂ ಹೇಳಿದಳು. ಇವರ ಕೈ ತಟ್ಟೆಯಲ್ಲಿ ನಿಂತಿತು.

"ಎಲ್ಲೀತನಕಾ ಇಳದಿದ್ದಿ?"

"ಮೊಣಕಾಲತನಕಾ ಅಷ್ಟ ಅಪ್ಪಾ. ಅತ್ತಿ ನನ್ನ ಕೈ ಬಿಡಲೇ ಇಲ್ಲ."

"ಹೌದೇನು" ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಕೈ ಹಿಡದಿದ್ಳೇನು?" ಎಂದು ಕೇಳಿದರು.

"ಹಿಡದಿದ್ಳು."

ತಟ್ಟೆಗೆ ಸಾರು ಹಾಕಿಸಿಕೊಂಡು ಊಟ ಮುಗಿಸಿದರು. ಮರುದಿನ ನಸುಕಿನಲ್ಲಿ ಎದ್ದು, ಯಾವತ್ತಿನ ಹಾಗೆ, ನರ್ಸರಿಗೆ ಹೋದರು.